ಒಂದೂವರೆ ಲಕ್ಷ ವಾಪಸ್ ಬರುತ್ತೆ ಅಂದವಳು ನಾನೇ

ನನಗೆ ಬಾಯಿ ಜಾಸ್ತಿ. ಇದನ್ನು ನಮ್ಮಮ್ಮ ಹೇಳುತ್ತಿದ್ದಳು, ಗಂಡ ಹೇಳುತ್ತಾನೆ, ಸ್ಕೂಲಿನ ಸ್ಟಾಫ್ ರೂಮಿನಲ್ಲಿ ನಾನಿಲ್ಲದಾಗ ಎಲ್ಲರೂ ಹೇಳುತ್ತಾರೆ. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುವವಳಿಗೆ ಬಾಯಿ ಇಲ್ಲದೆ ನಡೆಯುತ್ತದೆಯೇ? ಆದರೆ ಅದೇ ಬಾಯಿಯಿಂದ ನಮ್ಮಕ್ಕನಿಗೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಎನ್ನುತ್ತದೆ.

ಅಕ್ಕ ಇರುವುದು ವಸಂತಪುರದಲ್ಲಿ. ಮನೆಯಲ್ಲೇ ಒಬ್ಬಟ್ಟು ಮಾಡಿ ಮಾರುತ್ತಾಳೆ. ಬೇಳೆಯದು, ಕಾಯಿಯದು, ಕೇಳಿದರೆ ಖೋವಾದ್ದು. ಗೃಹಪ್ರವೇಶ, ನಾಮಕರಣ, ಸೀಮಂತ ಎಂದರೆ ಇನ್ನೂರು, ಮುನ್ನೂರು ಒಬ್ಬಟ್ಟಿನ ಆರ್ಡರು. ಹೂರಣ ರುಬ್ಬುವುದಕ್ಕೆ ಮೆಷಿನ್ ಇದೆ, ತಟ್ಟುವುದು ಮಾತ್ರ ಅವಳ ಬಲಗೈ. ಆ ಕೈ ಆಗಲೇ ನೋಯುತ್ತಿತ್ತು. ಬೆಳಗ್ಗೆ ಎದ್ದರೆ ಬೆರಳು ಜೋಮು ಹಿಡಿದಿರುತ್ತಿತ್ತು. ತಟ್ಟುವುದನ್ನು ಕಮ್ಮಿ ಮಾಡಿ, ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಪಕ್ಕದ ಬೀದಿಯಲ್ಲಿ ಒಬ್ಬ ಹೆಂಗಸು ಸಿದ್ಧವಾಗಿಯೂ ಇದ್ದಳು. ತಿಂಗಳಿಗೆ ಹನ್ನೆರಡು ಸಾವಿರ ಕೇಳಿದ್ದಳು. ಅಷ್ಟು ಕೊಟ್ಟರೆ ತನಗೇನು ಉಳಿಯುತ್ತದೆ ಎಂದು ಅಕ್ಕ ಹಿಂದೆಮುಂದೆ ನೋಡುತ್ತಿದ್ದಳು.

ಅದೇ ಹೊತ್ತಿಗೆ ಕಾರಿನ ಮಾತು ಬಂತು. ಆರ್ಡರನ್ನು ಮನೆಮನೆಗೆ ಮುಟ್ಟಿಸುತ್ತಿದ್ದವರು ಭಾವ, ಅಂದರೆ ಅಕ್ಕನ ಗಂಡ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ, ರಜೆಯ ದಿನ ಸ್ಕೂಟರಿನಲ್ಲಿ ಡಬ್ಬ ಕಟ್ಟಿಕೊಂಡು ಹೋಗುತ್ತಿದ್ದರು. ಮಂಡಿ ಸವೆದು ಅದೂ ನಿಂತಿತು. ಬನಶಂಕರಿಗೆ, ಜೆ.ಪಿ. ನಗರಕ್ಕೆ, ಹುಳಿಮಾವಿಗೆ ಆಟೋದಲ್ಲಿ ಕಳಿಸಿದರೆ ಲಾಭವೆಲ್ಲ ಆಟೋದವನಿಗೇ. ಐವತ್ತೊಂದನೇ ವಯಸ್ಸಿನಲ್ಲಿ ಅಕ್ಕ ಡ್ರೈವಿಂಗ್ ಕಲಿತಳು. ಮೊದಲ ದಿನ ಗಾಡಿಯನ್ನು ಬೀದಿಯ ಮರಳಿನ ಗುಡ್ಡೆಯ ಮೇಲೆ ಹತ್ತಿಸಿ, ಇಳಿದು ಬಂದು ಒಂದು ಲೋಟ ನೀರು ಕುಡಿದು ಮತ್ತೆ ಹೋಗಿ ಕೂತಳಂತೆ. ಅವಳು ಅಂಥವಳು.

ಎಲೆಕ್ಟ್ರಿಕ್ ಕಾರು ತಗೋ ಎಂದವಳು ನಾನು. ಮಾರ್ಚ್ ತಿಂಗಳ ಕೊನೆಯಲ್ಲಿ ನಾನು, ಅಕ್ಕ, ಭಾವ ಮೂವರೂ ಕನಕಪುರ ರಸ್ತೆಯ ಒಂದು ಶೋರೂಮಿಗೆ ಹೋದೆವು. ಅಲ್ಲಿದ್ದ ಸೇಲ್ಸ್‌ನವನು ಒಂದು ಹಾಳೆ ತೆಗೆದ.

"ಮೇಡಂ, ಇದಕ್ಕೆ ಜಿಎಸ್‌ಟಿ ಬರೀ ಐದು ಪರ್ಸೆಂಟು. ರೋಡ್ ಟ್ಯಾಕ್ಸ್ ಸೊನ್ನೆ. ಪೆಟ್ರೋಲ್ ಗಾಡಿ ಆಗಿದ್ರೆ ಒಂದು ಲಕ್ಷದ ಮೇಲೆ ಅದೇ ಆಗ್ತಿತ್ತು. ಇನ್ನು ಇನ್‌ಕಮ್ ಟ್ಯಾಕ್ಸಲ್ಲಿ ಎಯ್ಟಿ ಇ ಇ ಬಿ ಅಂತ ಸೆಕ್ಷನ್ ಇದೆ. ಕಾರು ಸಾಲದ ಬಡ್ಡಿಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಬೆನಿಫಿಟ್ಟು. ಆದ್ರೆ ಮೂವತ್ತೊಂದರೊಳಗೆ ಲೋನ್ ಸ್ಯಾಂಕ್ಷನ್ ಆಗ್ಬೇಕು. ಆಮೇಲೆ ಕೇಳಿದ್ರೆ ಸಿಗಲ್ಲ."

ರೋಡ್ ಟ್ಯಾಕ್ಸ್ ಸೊನ್ನೆ ಎಂದು ಹಾಳೆಯಲ್ಲಿ ಅಚ್ಚಾಗಿರುವುದನ್ನು ಕಣ್ಣಾರೆ ನೋಡಿದ ಮೇಲೆ ಉಳಿದದ್ದೂ ಹಾಗೇ ಕೈಗೆ ಸಿಗುವ ದುಡ್ಡು ಎಂದುಕೊಂಡೆ. ಅಲ್ಲೇ, ಸೋಫಾದ ಮೇಲೆ ಕೂತು, ಅಕ್ಕನಿಗೆ ಲೆಕ್ಕ ಹಾಕಿ ತೋರಿಸಿದೆ. "ನೋಡೇ, ಹನ್ನೆರಡು ಸಾವಿರ ಇಂಟು ಹನ್ನೆರಡು ಒಂದು ಲಕ್ಷದ ನಲವತ್ನಾಲ್ಕು. ಸರ್ಕಾರ ವರ್ಷಕ್ಕೆ ಒಂದೂವರೆ ವಾಪಸ್ ಕೊಡುತ್ತೆ. ಆ ಹೆಂಗಸಿನ ಸಂಬಳ ಅಲ್ಲೇ ಆಯ್ತು. ಇನ್ನೂ ಆರು ಸಾವಿರ ಮಿಕ್ತು, ಒಂದು ಸೀರೆ ತಗೋ." ಅಕ್ಕನ ಮುಖ ಅರಳಿತು. ನೋಯುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಕ್ಕಳು.

ಭಾವ ಮೆಲ್ಲಗೆ ಬಾಯಿ ಹಾಕಿದರು. "ಹಂಗಾದ್ರೆ ಲೋನು ನನ್ನ ಹೆಸರಲ್ಲೇ ಇರ್ಲಿ ಕಣಮ್ಮ. ಟ್ಯಾಕ್ಸ್ ಕಟ್ಟೋನು ನಾನು."

ನನಗೆ ಎಲ್ಲಿತ್ತೋ ಕೋಪ. "ಭಾವ, ಮನೆ ನಿಮ್ಮ ಹೆಸರು, ಸ್ಕೂಟರ್ ನಿಮ್ಮ ಹೆಸರು, ಗ್ಯಾಸ್ ಕನೆಕ್ಷನ್ನೂ ನಿಮ್ಮ ಹೆಸರು. ಕಾರು ಓಡಿಸೋಳು ಅವಳು, ಕಂತು ಕಟ್ಟೋಳು ಅವಳು. ಹೆಸರು ಮಾತ್ರ ನಿಮ್ದಾ? ಬಿಡಿ ಸಾಕು!" ಶೋರೂಮಿನವರೆಲ್ಲ ತಿರುಗಿ ನೋಡಿದರು. ಸಾಲ ಅಕ್ಕನ ಹೆಸರಿನಲ್ಲಿ ಆಯಿತು, ಭಾವ ಜಾಮೀನಿಗೆ ಸಹಿ ಹಾಕಿದರು. ಮೂವತ್ತನೇ ತಾರೀಖು ಸ್ಯಾಂಕ್ಷನ್ ಪತ್ರ ಬಂದಾಗ ನಾನು ಯುದ್ಧ ಗೆದ್ದವಳ ಹಾಗೆ ತ್ಯಾಗರಾಜನಗರದ ನಮ್ಮ ಮನೆಯಿಂದ ಪೇಡ ಹಿಡಿದುಕೊಂಡು ಹೋಗಿದ್ದೆ.

ಕಾರಿಗೆ ಪೂಜೆ ಮಾಡಿಸಿದೆವು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಅರ್ಚಕರು "ಸ್ಟಾರ್ಟ್ ಮಾಡಮ್ಮ" ಎಂದರು. "ಆಗಿದೆ ಸ್ವಾಮಿ" ಎಂದಳು ಅಕ್ಕ. "ಎಲ್ಲಮ್ಮ, ಸದ್ದೇ ಇಲ್ಲ" ಎಂದು ಅವರು ಬಾನೆಟ್ಟಿಗೆ ಕಿವಿ ಕೊಟ್ಟು ನಿಂತರು. ಅವತ್ತು ನಕ್ಕಷ್ಟು ನಾವು ಈಚೆಗೆ ನಕ್ಕಿಲ್ಲ.

ಆಮೇಲೆ ಕಾಯುವುದು ಶುರುವಾಯಿತು. ಮೊದಲ ವರ್ಷ ಫೋನಿನಲ್ಲಿ ಕೇಳಿದಳು, "ಬಂತೇನೇ ಅದು?" "ಇನ್ನೂ ರಿಟರ್ನ್ ಹಾಕಿದ್ದೀಯ ಅಷ್ಟೇ. ಸರ್ಕಾರದ ಕೆಲಸ ಕಣೇ, ಬರುತ್ತೆ" ಎಂದೆ. ಎರಡನೇ ವರ್ಷ ಕೇಳಿದಳು. "ಎರಡು ವರ್ಷದ್ದು ಒಟ್ಟಿಗೇ ಬರುತ್ತೆ ಬಿಡು, ಎಲ್ಲಿಗೆ ಹೋಗುತ್ತೆ?" ಎಂದೆ. ಏನು ಆಧಾರ? ಏನೂ ಇಲ್ಲ. ನನ್ನ ಸ್ವಂತ ರಿಟರ್ನನ್ನು ಇವತ್ತಿನವರೆಗೂ ಸ್ಕೂಲಿನ ಗುಮಾಸ್ತರೇ ಹಾಕಿಕೊಡುತ್ತಾರೆ, ನಾನು ಒಂದು ಸಲವೂ ಓದಿ ನೋಡಿದವಳಲ್ಲ. ಅಕ್ಕ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ತಟ್ಟುತ್ತಿದ್ದಳು. ದುಡ್ಡು ಬಂದ ತಿಂಗಳೇ ಕರೆಯುತ್ತೇನೆ ಎಂದು ಆ ಹೆಂಗಸಿಗೆ ಹೇಳಿದ್ದಳು. ಅವಳು ಎಷ್ಟು ದಿನ ಕಾಯುತ್ತಾಳೆ? ಹುಳಿಮಾವಿನ ಯಾವುದೋ ಅಪಾರ್ಟ್‌ಮೆಂಟಿಗೆ ಅಡುಗೆಗೆ ಸೇರಿಕೊಂಡಳು.

ಮೂರನೇ ವರ್ಷ ಶ್ರಾವಣ ಮುಗಿದ ಮೇಲೆ ಅಕ್ಕನ ಮನೆಗೆ ಹೋದಾಗ ಅವಳು ಎಡಗೈಯಲ್ಲಿ ತಟ್ಟುತ್ತಿದ್ದಳು. ಒಬ್ಬಟ್ಟು ಸೊಟ್ಟಸೊಟ್ಟ ಬರುತ್ತಿತ್ತು. ನನಗೆ ಸರ್ಕಾರದ ಮೇಲೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಅವಳ ಕಾಗದಪತ್ರ ಎಲ್ಲ ಕವರಿಗೆ ತುಂಬಿಕೊಂಡು ಜಯನಗರದ ಒಬ್ಬ ಆಡಿಟರ್ ಹತ್ತಿರ ಹೋದೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ.

ಆಡಿಟರು ಕಾಗದ ನೋಡಿ ಕನ್ನಡಕ ತೆಗೆದಿಟ್ಟರು. "ಮೇಡಂ, ಒಂದೂವರೆ ಲಕ್ಷ ಕೊಡ್ತಾರೆ ಅಂತ ಯಾರು ಹೇಳಿದ್ದು?"

"ಕಾನೂನೇ ಇದೆಯಲ್ಲ ಸಾರ್."

"ಇದೆ. ಆದ್ರೆ ಅದು ಕೈಗೆ ಕೊಡೋ ದುಡ್ಡಲ್ಲ. ವರ್ಷದಲ್ಲಿ ನೀವು ಎಷ್ಟು ಬಡ್ಡಿ ಕಟ್ಟಿದ್ರೋ ಅಷ್ಟನ್ನ ನಿಮ್ಮ ಆದಾಯದಿಂದ ಕಳೀತಾರೆ. ಒಂದೂವರೆ ಲಕ್ಷ ಅನ್ನೋದು ಅದರ ಮಿತಿ. ನಿಮ್ಮ ಅಕ್ಕನವರ ಬಡ್ಡಿ ಎಪ್ಪತ್ತು ಸಾವಿರ ಅಂತಿಟ್ಕೊಳಿ. ಅಷ್ಟು ಆದಾಯಕ್ಕೆ ಟ್ಯಾಕ್ಸ್ ಬೀಳಲ್ಲ. ಇಪ್ಪತ್ತು ಪರ್ಸೆಂಟ್ ಟ್ಯಾಕ್ಸ್ ಕಟ್ಟೋರಿಗೆ ಹದಿನಾಲ್ಕು ಸಾವಿರ ಚಿಲ್ರೆ ಉಳಿಯುತ್ತೆ. ಅದೂ ಹಳೇ ಪದ್ಧತೀಲಿ ರಿಟರ್ನ್ ಹಾಕಿದ್ರೆ. ಹೊಸ ಪದ್ಧತೀಲಿ ಇದು ಇಲ್ವೇ ಇಲ್ಲ."

"ಹದಿನಾಲ್ಕು ಸಾವಿರಾನಾ! ಸರಿ, ಅದಾದ್ರೂ ಕೊಡ್ಸಿ."

"ಎಲ್ಲಿಂದ ಮೇಡಂ? ಅವರ ಆದಾಯಕ್ಕೆ ಟ್ಯಾಕ್ಸೇ ಬರಲ್ಲ. ಕಟ್ಟದೆ ಇರೋದನ್ನ ವಾಪಸ್ ಹೇಗೆ ಕೊಡ್ತಾರೆ?"

"ಅಂದ್ರೆ ದೊಡ್ಡ ಸಂಬಳದೋರು ಇದೇ ಕಾರು, ಇದೇ ಸಾಲ ತಗೊಂಡ್ರೆ?"

"ಅವರಿಗೆ ಮೂವತ್ತು ಪರ್ಸೆಂಟಿನ ಲೆಕ್ಕದಲ್ಲಿ ಇನ್ನೂ ಜಾಸ್ತಿ ಉಳಿಯುತ್ತೆ."

"ಒಬ್ಬಟ್ಟು ತಟ್ಟಿ ಕಂತು ಕಟ್ಟೋಳಿಗೆ?"

"ಸೊನ್ನೆ."

ಅಯ್ಯೋ ನನ್ನ ಕರ್ಮವೇ! ಶೇಕಡಾ ಲೆಕ್ಕವನ್ನು ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಇಪ್ಪತ್ತು ಪರ್ಸೆಂಟು ಎಂದರೆ ಏನು, ಸೊನ್ನೆ ಪರ್ಸೆಂಟು ಎಂದರೆ ಏನು ಎಂದು ಎಂಟನೇ ಕ್ಲಾಸಿನ ಮಗು ಹೇಳುತ್ತದೆ. ಸಾಲ ಭಾವನ ಹೆಸರಿನಲ್ಲಿ ಇದ್ದಿದ್ದರೆ ಅಷ್ಟೋ ಇಷ್ಟೋ ಆದರೂ ಬರುತ್ತಿತ್ತು. ಶೋರೂಮಿನಲ್ಲಿ ಕೂಗಾಡಿ ಅದನ್ನು ತಪ್ಪಿಸಿದವಳೂ ನಾನೇ. ಈಗ ಹೆಸರು ಬದಲಾಯಿಸಿ ಹೊಸ ಸಾಲ ತೆಗೆದರೆ ಆಗುತ್ತದೆಯೇ ಎಂದು ಕೇಳಿದೆ. ಆ ಗಡುವು ಎಂದೋ ಮುಗಿಯಿತು ಎಂದರು.

ಭಾನುವಾರ ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಭಾವ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅಕ್ಕ ಕಾವಲಿಯ ಮುಂದೆ ನಿಂತಿದ್ದಳು. ಆಡಿಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಕೊನೆಗೆ, "ಆ ದುಡ್ಡು ಬರಲ್ಲ ಅಕ್ಕ. ಯಾವತ್ತೂ ಬರ್ತಿರಲಿಲ್ಲ. ನಂದೇ ತಪ್ಪು" ಎಂದೆ.

ಅಕ್ಕ ಏನಾದರೂ ಹೇಳುವ ಮೊದಲೇ ಭಾವ ಪೇಪರ್ ಮಡಚಿದರು. "ಅಯ್ಯೋ, ಯಾಕಮ್ಮ ಹಂಗೆ ಗಾಬರಿ ಆಗ್ತೀಯ? ಅದು ಬರ್ತಾ ಇದೆಯಲ್ಲ."

"ಏನು ಬರ್ತಾ ಇದೆ?"

"ಟ್ಯಾಕ್ಸ್ ರೀಫಂಡು. ನನ್ನ ರಿಟರ್ನಲ್ಲಿ ಹಾಕ್ಕೊಂಡಿದ್ದೀನಿ. ಎರಡು ವರ್ಷದ್ದು ಸೇರಿ ಇಪ್ಪತ್ತೇಳು ಸಾವಿರ ಬಂತು. ನಾನೂ ಸೈನ್ ಹಾಕಿದ್ದೀನಲ್ಲ ಲೋನಿಗೆ. ಮನೆ ಒಂದೇ ಅಲ್ವಾ?"

ಇವಳು ಕಟ್ಟಿದ ಬಡ್ಡಿ, ಇವರ ರಿಟರ್ನು! ಮೂರು ವರ್ಷದ ಹತ್ತಿರಹತ್ತಿರ ಇವಳು ನನ್ನನ್ನು "ಬಂತೇನೇ" ಎಂದು ಕೇಳುತ್ತಿದ್ದರೆ ಇವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಾರೆ. "ಎಲ್ಲಿ ಹೋಯ್ತು ಆ ದುಡ್ಡು?" ಎಂದು ಕಿರುಚಿದೆ.

"ಇನ್ವರ್ಟರ್ ಬ್ಯಾಟರಿ ಹಾಕಿಸ್ದೆ. ಗ್ರಿಲ್ಲಿಗೆ ಪೇಂಟು. ಮನೆಗೇ ತಾನೇ ಹಾಕಿದ್ದು? ನೀವಿಬ್ರೂ ಹೇಳ್ತಿದ್ದದ್ದು ಒಂದೂವರೆ ಲಕ್ಷ, ಅದು ಬೇರೆ ಎಲ್ಲಿಂದಲೋ ಬರುತ್ತೆ ಅಂದ್ಕೊಂಡಿದ್ದೆ." ಅವರ ಮುಖದಲ್ಲಿ ಕಳ್ಳತನದ ಗುರುತೇ ಇರಲಿಲ್ಲ. ಅದೇ ನನ್ನನ್ನು ಇನ್ನೂ ದಂಗುಬಡಿಸಿತು. ಅಲ್ಲೇ ನಿಂತು ಆಡಿಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಸಾಲ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಆ ವಿನಾಯಿತಿ, ಜಾಮೀನುದಾರರಿಗೆ ಇಲ್ಲ, ರಿಟರ್ನ್ ತಿದ್ದಿ ಪೂರ್ತಿ ದುಡ್ಡು ವಾಪಸ್ ಕಟ್ಟಬೇಕು, ಮೇಲೆ ಬಡ್ಡಿಯೂ ಹೆಚ್ಚುವರಿ ತೆರಿಗೆಯೂ ಬೀಳುತ್ತದೆ ಎಂದರು. ಭಾವ ಪೆಚ್ಚಾದರು. ತಪ್ಪಾಯಿತು, ಕಟ್ಟುತ್ತೇನೆ ಎಂದು ಮೆಲ್ಲಗೆ ಹೇಳಿದರು.

ನಾನು ಬಿಡುವವಳೇ? ಬಾಯಿಗೆ ಬಂದದ್ದೆಲ್ಲ ಅಂದೆ. ನಾಚಿಕೆ ಆಗಬೇಕು ಅಂದೆ, ಹೆಂಡತಿಯ ಕೈ ಮುರಿದು ಬ್ಯಾಟರಿ ಹಾಕಿಸಿಕೊಂಡಿರಿ ಅಂದೆ. ಅಕ್ಕ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು.

"ಅವರನ್ನ ಯಾಕೆ ಬೈತೀಯ?"

"ಮತ್ತಿನ್ಯಾರನ್ನೇ ಬೈಲಿ?"

"ಅವರು ತಗೊಂಡಿದ್ದು ಅವರ ಸಂಬಳದಿಂದ ಹಿಡಿದಿದ್ದ ದುಡ್ಡು. ನನಗೆ ಹೇಳ್ದೆ ತಗೊಂಡ್ರು, ಅದನ್ನ ನಾನು ಕೇಳ್ಕೋತೀನಿ, ನನ್ನ ಗಂಡ. ಆದ್ರೆ ನನಗೆ ಅವರು ಏನೂ ಕೊಡ್ತೀನಿ ಅಂದಿರ್ಲಿಲ್ಲ. ಬರುತ್ತೆ, ಬರುತ್ತೆ ಅಂದಿದ್ದು ನೀನು. ಬರಲ್ಲ ಅಂತ ಅವತ್ತೇ ಹೇಳಿದ್ರೆ, ಹೊಟ್ಟೆ ಬಟ್ಟೆ ಕಟ್ಟಿ ಆ ಹೆಂಗಸನ್ನ ಇಟ್ಕೋತಿದ್ದೆ. ಇಲ್ಲ ಆರ್ಡರ್ ಕಮ್ಮಿ ಮಾಡ್ತಿದ್ದೆ. ಹೆಂಗೂ ಬರುತ್ತಲ್ಲ ಅಂತ ಇದೊಂದು ಹಬ್ಬ, ಇದೊಂದು ಹಬ್ಬ ಅಂತ ತಟ್ದೆ."

ಬಲಗೈಯ ಪಟ್ಟಿ ಬಿಚ್ಚಿ ನನ್ನ ಮುಂದೆ ಹಿಡಿದಳು. ಹೆಬ್ಬೆರಳಿನ ಬುಡದಲ್ಲಿ ಉಬ್ಬಿರಬೇಕಾದ ಜಾಗ ಒಳಕ್ಕೆ ಇಳಿದಿತ್ತು. ಅಲ್ಲಿ ಮಾಂಸವೇ ಇರಲಿಲ್ಲ.

"ಹೋದ ವಾರ ತೋರಿಸ್ಕೊಂಡು ಬಂದೆ. ನರ ಸತ್ತೋಗಿದೆಯಂತೆ. ಆಪರೇಷನ್ ಮಾಡಿದ್ರೆ ನೋವು ಹೋಗುತ್ತೆ, ಈ ಬೆರಳಿಗೆ ಶಕ್ತಿ ಬರಲ್ಲ ಅಂದ್ರು. ಒಂದು ವರ್ಷ ಮುಂಚೆ ಬಂದಿದ್ರೆ ಉಳೀತಿತ್ತಂತೆ."

ಭಾವ ಕುರ್ಚಿಯಿಂದ ಎದ್ದು ನಿಂತರು. ಅದು ಅವರಿಗೂ ಆ ಕ್ಷಣದಲ್ಲೇ ಗೊತ್ತಾದದ್ದು. ನನಗೆ ಅಳು ಬಂತು, ಅದರ ನಡುವೆಯೇ ಬಡಬಡಿಸಿದೆ. "ಅಕ್ಕ, ನಾನು ಕೊಡ್ತೀನಿ ಕಣೇ. ಆ ಹೆಂಗಸನ್ನ ವಾಪಸ್ ಕರೆಸೋಣ, ತಿಂಗಳು ತಿಂಗಳು ಹನ್ನೆರಡು ಸಾವಿರ ನನ್ನ ಸಂಬಳದಿಂದ..."

"ಸಾಕು ನಿಲ್ಸೇ" ಎಂದಳು. ದನಿ ಏರಿಸಲಿಲ್ಲ. "ಇನ್ಮೇಲೆ ನಂಗೆ ಯಾರೂ ದುಡ್ಡು ಬರುತ್ತೆ ಅಂತ ಮಾತ್ರ ಹೇಳ್ಬೇಡಿ."