ಹುರುಳಿ ಹಾಸಿದ ರಸ್ತೆ

ಮಂಡಕ್ಕಿ ಮಾರುವವನಿಗೆ ರುಚಿಯ ಚಿಂತೆ ಆಮೇಲೆ, ಬಿಳುಪಿನ ಚಿಂತೆ ಮೊದಲು. ಗಿರಾಕಿ ಬಾಯಲ್ಲಿ ತಿನ್ನುವ ಮುಂಚೆ ಕಣ್ಣಲ್ಲಿ ತಿನ್ನುತ್ತಾನೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಬೇರೆಯವರ ಭಟ್ಟಿಯಲ್ಲಿ ಕಾದ ಮರಳನ್ನು ಜರಡಿ ಹಿಡಿಯುತ್ತಾ ಕಲಿತೆ. ಆಮೇಲೆ ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ಹೋಗುವ ರಸ್ತೆಯಲ್ಲಿರುವ ನಮ್ಮೂರಿನಲ್ಲೇ ಒಂದು ತುಂಡು ಜಾಗ ಹಿಡಿದು ನನ್ನದೇ ಭಟ್ಟಿ ಹಾಕಿದೆ. ಆಗಷ್ಟೇ ಎಪ್ಪತ್ತರ ದಶಕ ಶುರುವಾಗಿತ್ತು. ಡಾಂಬರು ರಸ್ತೆಗೆ ಅಂಟಿಕೊಂಡ ಜಾಗ ಸಿಕ್ಕಿತಲ್ಲ ಎಂದು ಬಹಳ ಬೀಗಿದ್ದೆ. ಬಸ್ಸು ಬಾಗಿಲಲ್ಲೇ ನಿಲ್ಲುತ್ತಿತ್ತು. ಚೀಲ ಮೇಲಕ್ಕೇರಿಸಿದರೆ ಸಾಕು, ಮತ್ತೋಡಿಗೂ ಹೋಗುತ್ತಿತ್ತು, ಹೊರಕೆರೆದೇವರಪುರಕ್ಕೂ ಹೋಗುತ್ತಿತ್ತು.

ಭತ್ತವನ್ನು ಹಿರಿಯೂರಿನ ಕಾಲುವೆ ಬಯಲಿನಿಂದ ತರುತ್ತಿದ್ದೆ. ಅದನ್ನು ನೆನೆಸಿ, ಬೇಯಿಸಿ, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಅಂಗಳದಲ್ಲಿ ಹರವಿ ಒಣಗಿಸಬೇಕು. ಹದವಾಗಿ ಒಣಗಿದ್ದನ್ನು ಕಾದ ಮರಳಿಗೆ ಹಾಕಿದರೆ ಅರಳುತ್ತದೆ. ಅರಳಿಸುವುದು ನನ್ನ ಕೆಲಸ, ಒಣಗಿಸುವುದು ನನ್ನ ಹೆಂಡತಿಯದು. ನೋಡುವವರು ಬೆಂಕಿ ಮುಂದೆ ಕೂತ ನನ್ನನ್ನು ಹೊಗಳುತ್ತಿದ್ದರು. ನಿಜವಾದ ಹದ ಅವಳ ಕೈಯಲ್ಲಿತ್ತು. ಉಪ್ಪುನೀರು ಹಿಡಿದ ಅಕ್ಕಿಗೆ ಅಂಟು ಸ್ವಭಾವ. ಗಾಳಿಯಲ್ಲಿ ಏನು ಬಂದರೂ ಹಿಡಿದಿಟ್ಟುಕೊಳ್ಳುತ್ತದೆ.

ಗಾಳಿಯಲ್ಲಿ ಬಂದದ್ದು ಅದಿರಿನ ಧೂಳು.

ಊರಿನ ಹಿಂದಿನ ಗುಡ್ಡದಲ್ಲಿ ಗಣಿ ತೆಗೆದರು. ಅಲ್ಲಿಂದ ರೈಲಿಗೆ ಅದಿರು ಸಾಗಿಸಲು ಲಾರಿಗಳು ನಮ್ಮ ರಸ್ತೆ ಹಿಡಿದವು. ಮೊದಲು ಎಲ್ಲರಿಗೂ ಖುಷಿಯೇ. ಊರಿನ ಹುಡುಗರಿಗೆ ಕೂಲಿ ಸಿಕ್ಕಿತು, ಚಾ ಅಂಗಡಿ ಎದ್ದಿತು. ನಮ್ಮ ಕಡೆ ಕೊಯ್ದ ಹುರುಳಿಯನ್ನು ರಸ್ತೆಗೆ ಹಾಸುವ ರೂಢಿ ಇದೆಯಲ್ಲ, ಬಸ್ಸು ಗಾಡಿ ಹತ್ತಿ ಹೋದರೆ ಕಾಯಿ ಒಡೆದು ಕಾಳು ಉದುರುತ್ತದೆ, ಎತ್ತು ಕಟ್ಟಿ ತುಳಿಸುವ ಕೆಲಸ ತಪ್ಪುತ್ತದೆ. ಲಾರಿ ಬಂದ ಮೇಲೆ ಅದು ಇನ್ನೂ ಸಲೀಸಾಯಿತು. ಎದುರು ಮನೆಯ ಅಜ್ಜಿಯಂತೂ ಪ್ರತಿ ಲಾರಿಗೂ ಕೈ ಮುಗಿಯುತ್ತಿದ್ದಳು.

ಆದರೆ ಲಾರಿಯ ಮೇಲೆ ಹೊದಿಕೆ ಇರಲಿಲ್ಲ. ಗುಂಡಿ ಸಿಕ್ಕಲ್ಲೆಲ್ಲ ಅದಿರು ಚೆಲ್ಲುತ್ತಿತ್ತು. ಚೆಲ್ಲಿದ್ದು ಹಿಂದಿನ ಲಾರಿಯ ಚಕ್ರಕ್ಕೆ ಸಿಕ್ಕಿ ಹಿಟ್ಟಾಗಿ ಏಳುತ್ತಿತ್ತು. ಅಂಗಳದ ಬೇವಿನ ಮರ ಕೆಂಪಾಯಿತು. ಒಣಹಾಕಿದ ಪಂಚೆ ಕೆಂಪಾಯಿತು. ನನ್ನ ಹೆಂಡತಿ ಅಕ್ಕಿಯ ಮೇಲೆ ಹಳೇ ಸೀರೆ ಹೊದಿಸಿದಳು, ಹೊದಿಸಿದರೆ ಒಣಗಲಿಲ್ಲ. ತೆಗೆದರೆ ಧೂಳು. ರಾತ್ರಿ ಮಲಗಿದರೆ ಇಬ್ಬರಿಗೂ ಕೆಮ್ಮು.

ಮಾಡದಕೆರೆಯಲ್ಲಿ ಒಬ್ಬ ಅಂಗಡಿಯವನಿದ್ದ, ನನ್ನ ಹಳೇ ಗಿರಾಕಿ. ಭಾರಿ ಚೌಕಾಸಿಯ ಆಸಾಮಿ. ಒಂದು ಹಿಡಿ ಮಂಡಕ್ಕಿ ತೆಗೆದು ಹೆಗಲ ಮೇಲಿನ ಬಿಳಿ ವಲ್ಲಿಗೆ ಉಜ್ಜಿ ನೋಡಿಯೇ ಮಾತಿಗಿಳಿಯುತ್ತಿದ್ದ. ಆ ಸಲ ಉಜ್ಜಿದ. ವಲ್ಲಿಯ ಮೇಲೆ ಕೆಂಪು ಗೀರು ಬಿತ್ತು. ಚೀಲದ ಬಾಯಿ ಕಟ್ಟಿ ಕಾಲಿನಿಂದ ನನ್ನ ಕಡೆ ನೂಕಿದ.

"ರೇಟಿನಾಗೆ ಒಂದು ಮಾತು ಹೇಳ್ರಿ, ಇಳ್ಸಣ" ಎಂದೆ.

"ಇಳ್ಸೋಕೆ ಏನೈತಪ್ಪ ಇದ್ರಾಗೆ" ಎಂದು ಬೇರೆ ಗಿರಾಕಿಯ ಕಡೆ ತಿರುಗಿದ.

ವ್ಯಾಪಾರಕ್ಕೆ ಬಂದ ಮೇಲೆ ನಾನು ಹೆದರಿದ್ದು ಅವತ್ತೇ. ಬೈಯುವ ಗಿರಾಕಿಗೆ ಹೆದರಬೇಡಿ. ಚೌಕಾಸಿ ಮಾಡದ ಗಿರಾಕಿಗೆ ಹೆದರಿ. ಅವನು ಬಿಟ್ಟರೆ ಹೊಸದುರ್ಗದ ಸಂತೆಯೂ ಬಿಡುತ್ತದೆ, ಸಂತೆ ಬಿಟ್ಟರೆ ನಾನು ಮತ್ತೆ ಬೇರೆಯವರ ಭಟ್ಟಿಯಲ್ಲಿ ಜರಡಿ ಹಿಡಿಯಬೇಕು.

ಚಿತ್ರದುರ್ಗಕ್ಕೆ ಹೋಗಿ ಒಂದು ಕಚೇರಿಯ ಮೆಟ್ಟಿಲು ಹತ್ತಿದೆ. ಅಲ್ಲಿದ್ದ ಗುಮಾಸ್ತ ಒಳ್ಳೆಯವನೇ, ಕೂರಿಸಿ ಕೇಳಿದ. "ರಸ್ತೆಗೆ ಖಾತೆ ಐತೆ, ಗಣಿಗೆ ಖಾತೆ ಐತೆ. ಧೂಳಿಗೆ ಇನ್ನೂ ಆಗಿಲ್ಲ ಕಣ್ರಿ" ಎಂದ. ತಮಾಷೆಯಲ್ಲ, ಬೇಜಾರಿನಿಂದಲೇ ಹೇಳಿದ. ಮಾಲಿನ್ಯ ಎಂಬ ಪದ ನಮ್ಮ ಬಾಯಿಗೆ ಬಂದದ್ದು ಬಹಳ ಆಮೇಲೆ.

ಮಾಗಿ ಬಂತು, ಹುರುಳಿ ಕೊಯ್ಲಾಯಿತು. ಒಂದು ಬೆಳಿಗ್ಗೆ ಅಜ್ಜಿ ಎಂದಿನ ಜಾಗ ಬಿಟ್ಟು ನಮ್ಮ ಅಂಗಳದ ಮುಂದೆಯೇ ಹಾಸಿದಳು, ಅಲ್ಲಿ ಗುಂಡಿ ಕಡಿಮೆ ಎಂದು. ದಪ್ಪವಾಗಿಯೇ ಹಾಸಿದ್ದಳು. ಒಂದು ಲಾರಿ ಅದರ ಮೇಲೆ ಬಂದು ಗಕ್ಕನೆ ನಿಂತಿತು. ಬಳ್ಳಿಯೆಲ್ಲ ಅಡಿಯ ಶಾಫ್ಟಿಗೆ ಸುತ್ತಿಕೊಂಡಿತ್ತು.

ಡ್ರೈವರ್ ಇಳಿದು ಕೂಗಾಡಿದ. "ಏನಜ್ಜಿ, ನಿಮ್ಮಪ್ಪನ ಕಣ ಏನಿದು?"

"ನಮ್ಮಪ್ಪನ ಕಾಲಕ್ಕೆ ಲಾರಿ ಇರ್ಲಿಲ್ಲ ಬಿಡಪ್ಪ. ನಿಮ್ಮಪ್ಪನ ರಸ್ತೆ ಆದ್ರೆ ಹೇಳು, ತಗಿತೀನಿ" ಎಂದಳು ಅಜ್ಜಿ, ಕವೆಗೋಲಿನಿಂದ ಹುರುಳಿ ತಿರುವಿ ಹಾಕುತ್ತಲೇ.

ನಾನು ಡ್ರೈವರನ್ನು ಕರೆದು ಕೂರಿಸಿ, ಒಂದು ತಟ್ಟೆ ಖಾರಮಂಡಕ್ಕಿ ಮುಂದಿಟ್ಟೆ. ಜಗಳದವನ ಬಾಯಿಗೆ ತಿನ್ನಲು ಕೊಡಬೇಕು, ಆಮೇಲೆ ಕಿವಿ ಕೊಡಬೇಕು. ತಿನ್ನುತ್ತಾ ಅವನು ಒಳಗಿನ ವಿಷಯ ಬಿಟ್ಟ.

"ನಮಗೆ ಟ್ರಿಪ್ಪಿನ ಲೆಕ್ಕ ಅಣ್ಣ. ಸಂಬಳ ಅಂತ ಇಲ್ಲ. ಈ ಹುರುಳಿ ಮೇಲೆ ಜೋರಾಗಿ ಹೋದ್ರೆ ಶಾಫ್ಟಿಗೆ ಸುತ್ಕಂತೈತೆ, ಮೆಲ್ಲಗೆ ಹೋದ್ರೆ ಟ್ರಿಪ್ಪು ಬೀಳಲ್ಲ. ಧಣಿ ನಮ್ಮನ್ನ ಬೈತಾರೆ, ಧಣೀನ ರೈಲಿನೋರು ಬೈತಾರೆ."

ಸಂಜೆ ನನ್ನ ಹೆಂಡತಿ ಮೊರದಲ್ಲಿ ಅಕ್ಕಿ ತಂದು ಮುಂದೆ ಹಿಡಿದಳು. "ಇವತ್ತು ಬೆಳ್ಳಗೈತೆ ನೋಡ್ರಿ" ಎಂದಳು.

"ಗಾಳಿ ಇರ್ಲಿಲ್ಲೇನೋ."

"ಗಾಳಿ ಇತ್ತು. ಹುರುಳಿ ಮೇಲೆ ಲಾರಿ ಮೆಲ್ಲಕೆ ಹೋದ್ವು. ಅಡಿಯಾಗಿನ ಧೂಳು ಅಡಿಯಾಗೇ ಉಳೀತು. ಒಂದಿಷ್ಟು ಹೊಟ್ಟು ಬಂತು, ಕೇರಿದೆ, ಹೋತು."

ಅವಳು ಒಳಗೆ ಹೋದಳು. ನನಗೆ ಮಾತ್ರ ಎರಡು ತುದಿ ಒಟ್ಟಿಗೆ ಸಿಕ್ಕಿದವು. ಹುರುಳಿಯಿಂದ ನಮಗೆ ಲಾಭ, ಅದೇ ಹುರುಳಿಯಿಂದ ಡ್ರೈವರನ ಧಣಿಗೆ, ಅಂದರೆ ಗಣಿಯ ಗುತ್ತಿಗೆದಾರನಿಗೆ ನಷ್ಟ. ನೆನಪಿಡಿ, ದೂರು ಹಿಡಿದು ಹೋದವನು ಬಾಗಿಲಲ್ಲಿ ನಿಲ್ಲುತ್ತಾನೆ. ಎದುರಿನವನಿಗೆ ಬೇಕಾದ್ದನ್ನು ಹಿಡಿದುಕೊಂಡವನ ಹತ್ತಿರ ಎದುರಿನವನೇ ಬರುತ್ತಾನೆ.

ನಾನು ಮಾಡಿದ್ದು ಇಷ್ಟೇ. ಊರಿನ ಮನೆಮನೆಗೆ ಹೋಗಿ, ಹಿಂದಿನ ಬೀದಿಯಲ್ಲೂ ಹೊಲದ ಕಣದಲ್ಲೂ ಒಕ್ಕುವವರು ಈ ವರ್ಷ ರಸ್ತೆಗೇ ತನ್ನಿ, ತಿರುವಿ ಹಾಕುವವರಿಗೆ ಮಂಡಕ್ಕಿ ನನ್ನದು ಎಂದೆ. ಮರುದಿನದಿಂದ ಊರ ಬಾಗಿಲಿನಿಂದ ಸೇತುವೆವರೆಗೆ ರಸ್ತೆಯೇ ಕಾಣಲಿಲ್ಲ. ಬಸ್ಸಿನವರಿಗೆ ಒಂದು ಪಕ್ಕ ಬಿಟ್ಟೆವು, ಅವರ ಜೊತೆ ನಮಗೆ ತಕರಾರಿಲ್ಲ. ಆದರೆ ಆ ಪಕ್ಕದ ಮೆತ್ತನೆ ಮಣ್ಣು ತುಂಬಿದ ಲಾರಿಯ ಭಾರ ತಡೆಯದು. ಎಲ್ಲ ಲಾರಿಗಳೂ ಮದುವೆ ದಿಬ್ಬಣದ ಎತ್ತಿನ ಗಾಡಿಯ ಹಾಗೆ ಸಾಗಿದವು.

ವಾರ ತುಂಬುವ ಮೊದಲೇ ಗುತ್ತಿಗೆದಾರ ಜೀಪಿನಲ್ಲಿ ಬಂದ. ಇಳಿದವನೇ, "ಯಾರಪ್ಪ ಇಲ್ಲಿ ಭಟ್ಟಿ ಸಾವ್ಕಾರ?" ಎಂದ.

"ಬರ್ರಿ ಧಣಿ, ಕುಂತ್ಕಳ್ರಿ" ಎಂದು ಮಂಚ ಹಾಕಿದೆ, ಅಕ್ಕಿ ಒಣಗುವ ಕಡೆ ಮುಖ ಮಾಡಿಸಿ.

"ಏನಿದು ಹುರುಳಿ ಗಲಾಟೆ? ದೇಶ ಮುಂದಕ್ಕೆ ಬರ್ಬೇಕೋ ಬ್ಯಾಡ್ವೋ? ಅದಿರು ಹೋಗ್ದೆ ಕಬ್ಬಿಣ ಎಲ್ಲಿಂದ ಬರ್ತೈತೆ?"

"ದೇಶ ಬರ್ಲಿ ಧಣಿ, ಯಾರು ಬ್ಯಾಡ ಅಂದ್ರು. ಒಂದು ಟಾರ್ಪಾಲು ಹೊದ್ಕಂಡು ಬರ್ಲಿ ಅಂತೀವಿ."

ಅವನಿಗೆ ನಗು ಬಂತು, ತಡೆದುಕೊಂಡ. ಹುರುಳಿ ಎಷ್ಟು ದಿನ ಇದ್ದೀತು, ಮುಗಿಯುವವರೆಗೆ ಕಾಯುತ್ತೇನೆ ಎಂದ.

ಜಗುಲಿಯಲ್ಲಿ ಕೂತಿದ್ದ ಅಜ್ಜಿ ಹೇಳಿದಳು: "ಹುರುಳಿ ಮುಗುದ್ರೆ ತೊಗರಿ ಐತೆ. ತೊಗರಿ ಮುಗುದ್ರೆ ಬರೋ ವರ್ಷದ ಹುರುಳಿ ಐತೆ. ಕಾಯಪ್ಪ, ಕುಂತ್ಕಂಡು ಕಾಯಿ."

ನಾನು ಕೇಳಿದ್ದು ಮೂರು: ತುಂಬಿದ ಲಾರಿಗೆ ಟಾರ್ಪಾಲು ಹೊದಿಸಬೇಕು, ದಿನಾ ಬೆಳಿಗ್ಗೆ ಮಧ್ಯಾಹ್ನ ಊರಿನುದ್ದಕ್ಕೂ ನೀರು ಹೊಡೆಸಬೇಕು, ಊರೊಳಗೆ ಮೆಲ್ಲಗೆ ಹೋಗಬೇಕು. ಅವನು ಸುತ್ತ ನೋಡಿದ. ಅವನೂ ವ್ಯಾಪಾರಸ್ಥನೇ, ಕಣ್ಣು ಚುರುಕು. ನನ್ನ ಭಟ್ಟಿಯ ಮೊಂಡು ಚಿಮಣಿ ತೋರಿಸಿದ.

"ನನ್ನ ಕೆಂಪು ಧೂಳು ಕಣ್ಣಿಗೆ ಬೀಳ್ತೈತೆ. ನಿನ್ನ ಕರೇ ಹೊಗೆ? ಅದೇನು ಊದುಬತ್ತಿನಾ? ಹಳೇ ಟೈರು ಸುಡ್ತೀಯ ನೀನು, ವಾಸ್ನೆ ಗುಡ್ಡದ ತನಕ ಬರ್ತೈತೆ."

ನಾನು ಬಾಯಿ ತೆಗೆಯುವ ಮೊದಲು ಅಜ್ಜಿ ಆ ಕಡೆ ವಾಲಿದಳು. "ಅದು ಖರೇನೆ. ನನ್ನ ಸೀರೆ ಬೆಳಿಗ್ಗೆ ಕೆಂಪು, ಸಂಜಿಗೆ ಕಪ್ಪು."

"ಅಜ್ಜಿ, ನೀನು ಯಾರ ಕಡೆ?"

"ನಾನು ಸೀರೆ ಕಡೆ."

ಎಲ್ಲರೂ ನಕ್ಕರು, ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ. ಚೌಕಾಸಿಯಲ್ಲಿ ಇಂಥ ಗಳಿಗೆ ಬಂದಾಗ ಜಾರಿಕೊಳ್ಳಬಾರದು. ನಮ್ಮ ಕಡೆಯಿಂದ ಕೊಡಲು ಒಂದು ಸಿಕ್ಕಿತು ಎಂದು ಸಂತೋಷಪಡಬೇಕು. ಕೊಡದೆ ಪಡೆದದ್ದು ಬಹಳ ದಿನ ಉಳಿಯುವುದಿಲ್ಲ.

"ಆತು ಧಣಿ, ಟೈರು ನಿಲ್ಲಿಸ್ತೀನಿ. ಬರೀ ಶೇಂಗಾ ಹೊಟ್ಟು ಸುಡ್ತೀನಿ. ಚಿಮಣಿನೂ ಎತ್ತರ ಮಾಡ್ತೀನಿ. ನಿಮ್ಮ ಗಣಿಯಾಗೆ ಹಳೇ ಕಬ್ಬಿಣದ ಪೈಪು ಬಿದ್ದಾವಲ್ಲ, ಅದ್ರಾಗೆ ಒಂದು ಕಳಿಸ್ಕೊಡ್ರಿ."

"ಹೊಗೆ ನಿಂದು, ಪೈಪು ನಂದಾ?"

"ಧೂಳು ನಿಮ್ದು, ಅಕ್ಕಿ ನಮ್ದಾಗಿತ್ತಲ್ಲ ಇಷ್ಟು ದಿನ."

ಅವನು ಮೂರಕ್ಕೂ ಪೈಪಿಗೂ ಆಗಲಿ ಎಂದು ತಲೆ ಆಡಿಸಿದ. ಹುರುಳಿಯ ಮಾತೊಂದು ಉಳಿಯಿತು. ರಸ್ತೆಯಿಂದ ತೆಗೆಯಿರಿ ಎಂದರೆ ಅಜ್ಜಿ ಎಲ್ಲಿ ಒಕ್ಕಬೇಕು? ಊರ ಹೊರಗಿನ ಬಯಲನ್ನು ಅವನೇ ಸಮ ಮಾಡಿಸಿ ಕಣ ಮಾಡಿಕೊಡುವುದು, ಗುಡ್ಡಕ್ಕೆ ವಾಪಸು ಹೋಗುವ ಖಾಲಿ ಲಾರಿ ಅದರ ಮೇಲೆ ಒಂದೆರಡು ಸುತ್ತು ಹಾಕಿ ಹೋಗುವುದು ಎಂದು ತೀರ್ಮಾನವಾಯಿತು. ಕಾಗದ ಪತ್ರ ಏನೂ ಆಗಲಿಲ್ಲ. ಖಾರಮಂಡಕ್ಕಿ ತಿಂದು, ಚಾ ಕುಡಿದು ಹೋದ.

ಮಾತು ನಡೆಯಿತೇ ಎಂದು ಕೇಳುತ್ತೀರಿ. ನಡೆಯಿತು, ಕುಂಟುತ್ತಾ ನಡೆಯಿತು. ಟಾರ್ಪಾಲು ಹರಿದಾಗ ಹರಿದದ್ದೇ ಹೊದಿಸಿ ಕಳಿಸಿದರು. ನೀರಿನ ಟ್ಯಾಂಕರ್ ಕೆಟ್ಟು ನಿಂತ ದಿನಗಳೂ ಇದ್ದವು. ಹೊದಿಕೆ ಇಲ್ಲದ ಲಾರಿ ಬಂದರೆ ಅಜ್ಜಿ ಮೊರ ಹಿಡಿದು ನಡುರಸ್ತೆಗೆ ಹೋಗಿ, "ಬೆತ್ತಲೆ ಬಂದೀಯಲ್ಲೋ, ನಾಚಿಕೆ ಇಲ್ವ" ಎನ್ನುತ್ತಿದ್ದಳು. ಹುಡುಗ ಡ್ರೈವರುಗಳು ಅವಳಿಗೆ ಹೆದರಿಯೇ ಟಾರ್ಪಾಲು ಕಟ್ಟಿಕೊಂಡು ಬರುತ್ತಿದ್ದರು. ಬೇವಿನ ಮರ ಪೂರ್ತಿ ಹಸಿರಾಗಲು ಮಳೆಗಾಲ ಬರಬೇಕಾಯಿತು. ಕೆಮ್ಮು ಮಾತ್ರ ಬೇಗ ಇಳಿಯಿತು. ಟೈರು ಬಿಟ್ಟ ಮೇಲೆ ಗೊತ್ತಾಯಿತು, ಅರ್ಧ ಕೆಮ್ಮು ನನ್ನ ಭಟ್ಟಿಯದೇ ಆಗಿತ್ತು ಎಂದು ನನ್ನ ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ.

ಚಿಮಣಿಗೆ ಪೈಪು ಕೂರಿಸಿದ ಮೇಲೆ ಮೊದಲ ಒಲೆಯ ಮಂಡಕ್ಕಿಯನ್ನು ಒಂದು ಚೀಲ ತುಂಬಿಕೊಂಡು ಮಾಡದಕೆರೆಗೆ ಹೋದೆ. ಅಂಗಡಿಯವನು ಚೀಲ ನೋಡಿ ಮುಖ ತಿರುಗಿಸಿದ. "ಉಜ್ಜಿ ನೋಡ್ರಿ, ಬ್ಯಾಡ ಅಂದ್ರೆ ಹೊತ್ಕಂಡು ಹೋಗ್ತೀನಿ" ಎಂದೆ. ಒಲ್ಲದ ಮನಸ್ಸಿನಿಂದ ಒಂದು ಹಿಡಿ ತೆಗೆದು ವಲ್ಲಿಗೆ ಉಜ್ಜಿದ. ಇನ್ನೊಂದು ಹಿಡಿ ಚೀಲದ ತಳದಿಂದ ಎಳೆದು ಉಜ್ಜಿದ. ವಲ್ಲಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಗೀರು ಇರಲಿಲ್ಲ.

"ಬೆಳ್ಳಗೇನೋ ಐತೆ. ಕಾಳು ಸಣ್ಣ ಆತಲ್ಲಪ್ಪ" ಎಂದ. "ಉಪ್ಪೂ ಒಂಚೂರು ಕಡಿಮಿ. ಒಂದು ಮಾತು ಹೇಳು, ಇಳ್ಸು."

ನಾನು ಚೀಲ ಇಳಿಸಿ, ಅವನ ಅಂಗಡಿಯ ಕಟ್ಟೆಯ ಮೇಲೆ ಆರಾಮಾಗಿ ಕೂತೆ. ಬಿಸಿಲು ಇಳಿಯುವವರೆಗೂ ನಾವು ಜಗ್ಗಾಡಿದೆವು.