ಬೆಂಕಿಪೊಟ್ಟಣಕ್ಕೆ ಹೋದವನು

ಸ್ನಾಯುಗಳು ಸೋಲುವ ಕಾಯಿಲೆ ನನಗೆ ಹಳೆಯದು. ಈಚೆಗೆ ಕೈಕಾಲಿನ ಜೊತೆ ತಲೆಯೂ ಕೈಕೊಡುತ್ತಿದೆ. ಬೇಕಾದ ಪದ ಬೇಕಾದಾಗ ಸಿಗುವುದಿಲ್ಲ. ಚಿಂತಾಮಣಿಯಲ್ಲಿ ಇದು ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಕನ್ನಡದ ಪದ ಮರೆತರೆ ತೆಲುಗಿನದು ಹಾಕುತ್ತಿದ್ದೆ. ಇಲ್ಲಿ ಎಲ್ಲರೂ ಮಾತಾಡುವುದೇ ಹಾಗೆ.

ಮೊನ್ನೆ ಕಿರಾಣಿ ಅಂಗಡಿಯಲ್ಲಿ ಮೊದಲ ಸಲ ಎರಡೂ ಸಿಗಲಿಲ್ಲ. ಬೆರಳು ಮಾಡಿ ತೋರಿಸೋಣವೆಂದರೆ ಕೈ ಮೇಲೇಳಲಿಲ್ಲ. ಅಂಗಡಿಯ ಸಾಬರು ಮರ್ಯಾದಸ್ಥರು. ಸ್ವಲ್ಪ ಹೊತ್ತು ಕಾದು, "ಯಾವಾಗ್ಲಂಗೆ ಉಪ್ಪೇ ತಾನೆ ಅಣ್ಣ?" ಎಂದರು. ಅವರಿಗೆ ಬೇಜಾರಾಗಬಾರದೆಂದು ತಲೆಯಾಡಿಸಿದೆ.

"ಬೆಂಕಿಪೊಟ್ಟಣ ತರ್ತೀನಿ ಅಂತ ಹೋದ್ರಲ್ಲ," ಎಂದಳು ಹೆಂಡತಿ. ಮೊದಲ ಸಲ ಹೀಗಾಯಿತೆಂದು ಅವಳಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಉಪ್ಪನ್ನು ಒಯ್ದು ಹಿಂದಿನ ನಾಲ್ಕು ಉಪ್ಪಿನ ಪೊಟ್ಟಣಗಳ ಪಕ್ಕದಲ್ಲಿಟ್ಟಳು.