ಹೆಚ್ಚು ಶುದ್ಧವಾದ ಕಿಣ್ವ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಪುಣೆಯ ಒಂದು ಸಂಶೋಧನಾಲಯದಲ್ಲಿ ತಾಂತ್ರಿಕ ಸಹಾಯಕನಾಗಿದ್ದೆ. ಬ್ಯಾಕ್ಟೀರಿಯಾದ ಜೀವಕೋಶದೊಳಗೆ ಡಿಎನ್‌ಎಯನ್ನು ಓದಿ ಆರ್‌ಎನ್‌ಎ ಬರೆಯುವ ಕಿಣ್ವವೊಂದಿದೆ, ಪಾಲಿಮರೇಸ್ ಎಂದು ಅದರ ಹೆಸರು. ಈಗ ಅದು ಸಿದ್ಧವಾಗಿ ಸಣ್ಣ ಡಬ್ಬಿಯಲ್ಲಿ ಬರುತ್ತದೆ. ಆಗ ನಾವೇ ತಯಾರಿಸಿಕೊಳ್ಳಬೇಕಿತ್ತು, ಮತ್ತು ತಯಾರಿಸುವವನು ನಾನೊಬ್ಬನೇ.

ಕೆಲಸ ದೊಡ್ಡದು. ದೊಡ್ಡ ಗಾಜಿನ ಪಾತ್ರೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಗಿರಗಿರನೆ ತಿರುಗಿಸಿ ತಳಕ್ಕಿಳಿಸಿ, ಕೋಶಗಳನ್ನು ಒಡೆದು, ಬಂದ ರಸವನ್ನು ಕಾಲಂ ಮೂಲಕ ಹಾಯಿಸಬೇಕು. ಕಾಲಂ ಎಂದರೆ ಒಂದು ಬಗೆಯ ಪುಡಿ ತುಂಬಿದ ಉದ್ದನೆಯ ಗಾಜಿನ ಕೊಳವೆ. ಕೆಲವು ಪ್ರೋಟೀನುಗಳು ಪುಡಿಗೆ ಅಂಟಿ ನಿಲ್ಲುತ್ತವೆ, ಉಳಿದವು ಕೆಳಗೆ ಹರಿದುಹೋಗುತ್ತವೆ. ಇದೆಲ್ಲ ಥಂಡಿ ಕೋಣೆಯಲ್ಲಿ, ಸ್ವೆಟರ್ ಹಾಕಿಕೊಂಡು. ನಾನು ಲಷ್ಕರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಕಲಿತವನು. ಹಂತ ಕೇಳಬೇಕು, ಕಾರಣ ಕೇಳಬಾರದು ಎಂಬುದು ಅಲ್ಲಿಯ ಪಾಠ. ಒಂದು ಹಂತ ಮುಗಿಸದೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಪಾತ್ರೆ ತೊಳೆಯದೆ ಮನೆಗೆ ಹೋದದ್ದಿಲ್ಲ.

ನಮ್ಮ ಮುಖ್ಯಸ್ಥೆ ಹಳೇ ಪುಣೆಯ ಸದಾಶಿವ ಪೇಠದವರು, ಮಾತು ಬಲು ತೂಕ. ಕಿಣ್ವ ಚೆನ್ನಾಗಿ ಬಂದ ದಿನ ಕನ್ನಡಕದ ಮೇಲಿನಿಂದ ನೋಡಿ ‘ಛಾನ್’ ಎನ್ನುತ್ತಿದ್ದರು. ಚೆನ್ನ ಎಂಬರ್ಥದ ಮರಾಠಿಯ ಆ ಒಂದು ಶಬ್ದದ ಮೇಲೆ ನಾನು ತಿಂಗಳುಗಟ್ಟಲೆ ಬದುಕುತ್ತಿದ್ದೆ.

ಆಗ ಅವನು ಬಂದ. ಬೇರೆ ವಿಭಾಗದಿಂದ ವರ್ಗವಾಗಿ ಬಂದ ಹುಬ್ಬಳ್ಳಿಯವನು, ನನ್ನದೇ ವಯಸ್ಸು, ನನ್ನದೇ ಹುದ್ದೆ. ಎದುರಿಗೆ ಬಹುವಚನ ಕೊಡುತ್ತಿದ್ದೆ, ಮನಸ್ಸಿನಲ್ಲಿ ಎಂದೂ ಕೊಡಲಿಲ್ಲ. ಇಲ್ಲೂ ಕೊಡುವುದಿಲ್ಲ.

ಧನಕವಡಿಯಿಂದ ಸ್ಕೂಟರ್ ಮೇಲೆ ತಡವಾಗಿ ಬರುತ್ತಿದ್ದ. ಒಂದು ಕಡೆ ಕೋಶ ಒಡೆಯುತ್ತ ಇನ್ನೊಂದು ಕಡೆ ಕಾಲಂ ತುಂಬುತ್ತಿದ್ದ, ನಡುವೆ ಯಾರದೋ ಕೆಟ್ಟ ಯಂತ್ರ ಬಿಚ್ಚಿ ಸರಿಮಾಡುತ್ತಿದ್ದ. ಸಂಶೋಧನೆಯ ಹುಡುಗರೆಲ್ಲ ಅವನ ಮೇಜಿನ ಸುತ್ತ. ನನಗೆ ‘ಸುಭೇದಾರ್’ ಎಂದು ಹೆಸರಿಟ್ಟವನೂ ಅವನೇ. ವಾರದೊಳಗೆ ಇಡೀ ಮಹಡಿ ಹಾಗೆ ಕರೆಯತೊಡಗಿತು.

“ಒಂದು ಕೆಲಸ ಮುಗಿಸಿ ಇನ್ನೊಂದು ಹಿಡೀಬೇಕ್ರಿ” ಎಂದೆ ಒಮ್ಮೆ.

“ಸುಭೇದಾರ್ರ, ನಾವು ಬ್ಯಾಕ್ಟೀರಿಯಾ ಮಂದಿ. ಅದರಾಗ ಆರ್‌ಎನ್‌ಎ ಬರದು ಮುಗ್ಯೂದ್ರಾಗನ ಪ್ರೋಟೀನ್ ಕಟ್ಟಾಕ ಸುರು ಮಾಡ್ತಾವ. ಯಾರೂ ಯಾರಿಗೂ ಕಾಯಂಗಿಲ್ಲ!”

ಹುಡುಗರು ನಕ್ಕರು. ಮ್ಯಾಡಂ ಕೂಡ ನಕ್ಕರು. ಅವರು ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮನೆಯಲ್ಲೂ ಬಿಡುವಿರಲಿಲ್ಲ. ಒಂದು ಭಾನುವಾರ ತಾನಾಗಿಯೇ ಕೋಥರೂಡದ ನಮ್ಮ ಮನೆ ಹುಡುಕಿಕೊಂಡು ಬಂದ, ಜೋಳದ ರೊಟ್ಟಿ, ಎಣಗಾಯಿ ಬೇಡಿ ಬೇಡಿ ಉಂಡ. ಹೋದ ಮೇಲೆ ಹೆಂಡತಿ ಹೇಳಿದಳು:

“ಅವ್ರು ಬಂದ್ರ ಮನಿ ತುಂಬಿದ್ಹಂಗ ಆಕ್ಕದ. ನೀವು ಊಟಕ್ಕ ಕುಂತ್ರ ಪರೇಡ್ ನಡದದೇನೋ ಅನಸ್ತದ.”

“ಹಂಗಾರ ದಿನಾ ಅಂವಗ ಕರದು ಉಣಸು.”

“ಅಯ್ಯ, ಉಂಡಾವ್ರು ಅವ್ರು, ಉರಿ ಹತ್ತಿದ್ದು ನಿಮ್ಮ ಹೊಟ್ಟ್ಯಾಗ!”

ಮಳೆಗಾಲ ಮುಗಿಯುವ ಹೊತ್ತಿಗೆ ಮ್ಯಾಡಂ ಇಬ್ಬರನ್ನೂ ಕರೆದರು. ಈ ಸಲ ಇಬ್ಬರೂ ಬೇರೆ ಬೇರೆಯಾಗಿ ಪಾಲಿಮರೇಸ್ ತಯಾರಿಸಿ. ಯಾರ ಕಿಣ್ವ ಚೆನ್ನಾಗಿ ಬರೆಯುತ್ತದೋ ಮುಂದೆ ಅವರೇ ಮಾಡಲಿ, ಇನ್ನೊಬ್ಬರಿಗೆ ಬೇರೆ ಕೆಲಸ ಬೇಕಾದಷ್ಟಿದೆ ಎಂದರು. ಅವರಿಗೆ ಅದು ವ್ಯವಸ್ಥೆಯ ಮಾತು. ನನಗೆ ಥಂಡಿ ಕೋಣೆಯ ಬಾಗಿಲು ಮುಖದ ಮೇಲೆ ಮುಚ್ಚಿದಂತಾಯಿತು. ಆ ಕೋಣೆ ಬಿಟ್ಟರೆ ಅಲ್ಲಿ ನನ್ನದು ಎನ್ನುವುದು ಏನಿತ್ತು?

ಗೆಲ್ಲಬೇಕು, ಸ್ವಚ್ಛತೆಯಲ್ಲಿ ಗೆಲ್ಲಬೇಕು ಎಂದು ನಿಶ್ಚಯಿಸಿದೆ. ಹಳೆಯದೊಂದು ಪ್ರಬಂಧದಲ್ಲಿ, ಕೊನೆಗೆ ಬೇರೆ ಪುಡಿಯ ಇನ್ನೊಂದು ಕಾಲಂ ಹಾಯಿಸಿದರೆ ಕಿಣ್ವ ಇನ್ನೂ ಶುದ್ಧವಾಗುತ್ತದೆ ಎಂದಿತ್ತು. ನಾವು ಅದನ್ನು ಎಂದೂ ಮಾಡಿರಲಿಲ್ಲ. ನಾನು ಮಾಡಿದೆ. ಕಿಣ್ವ ಪುಡಿಗೆ ಅಂಟಿ ನಿಂತಿತು. ಅಂಟದೆ ಕೆಳಗಿಳಿದ ನೀರನ್ನು ಪದ್ಧತಿಯಂತೆ ಅಂದೇ ಚೆಲ್ಲಿ ಪಾತ್ರೆ ತೊಳೆದೆ.

ಶುದ್ಧವೋ ಅಲ್ಲವೋ ನೋಡಲು ಪ್ರೋಟೀನುಗಳನ್ನು ತೆಳುವಾದ ಜೆಲ್‌ನಲ್ಲಿ ಓಡಿಸಿ ನೀಲಿ ಬಣ್ಣ ಹಾಕುತ್ತಾರೆ. ಒಂದೊಂದು ಪ್ರೋಟೀನು ಒಂದೊಂದು ಗೆರೆ. ನಮ್ಮ ಕಿಣ್ವ ಹಲವು ಪ್ರೋಟೀನುಗಳು ಕೂಡಿ ಆದದ್ದು, ಹಾಗಾಗಿ ಅದಕ್ಕೂ ಹಲವು ಗೆರೆ. ಅವನ ಕಿಣ್ವದ ಸಾಲಿನಲ್ಲಿ ಬೇಕಾದ ಗೆರೆಗಳ ಜೊತೆ ಬೇಡದವೂ ಹತ್ತಾರು. ನನ್ನದರಲ್ಲಿ ಮೇಲೆ ಎರಡು ದಪ್ಪ ಗೆರೆ, ಕೆಳಗೊಂದು, ನಡುವೆ ಖಾಲಿ. ಸಾರಿಸಿದ ಅಂಗಳದಂತೆ ಕಂಡಿತು. ಜೆಲ್ ಇಟ್ಟ ತಟ್ಟೆಯನ್ನು ಎಲ್ಲರೂ ನೋಡಲೆಂದೇ ಕಿಟಕಿಯ ಹತ್ತಿರ ಇಟ್ಟೆ.

“ಏ, ಸುಭೇದಾರ್ರದು ಭಾಳ ಸ್ವಚ್ಛ ಆಗೇದರಿ” ಎಂದ ಅವನು, ಬಗ್ಗಿ ನೋಡಿ. ಆ ಮಾತಿನಲ್ಲಿ ಕೊಂಕು ಹುಡುಕಿದೆ. ಸಿಗದಿದ್ದುದಕ್ಕೆ ಇನ್ನಷ್ಟು ಸಿಟ್ಟು ಬಂತು.

ನಿಜವಾದ ಪರೀಕ್ಷೆ ಮರುದಿನ. ಕಿಣ್ವಕ್ಕೆ ಡಿಎನ್‌ಎಯ ತುಣುಕು ಕೊಟ್ಟು, ಅದು ಬರೆದ ಆರ್‌ಎನ್‌ಎ ಎಷ್ಟುದ್ದ ಎಂಬುದನ್ನು ಎಕ್ಸ್‌ರೇ ಫಿಲಂ ಮೇಲೆ ನೋಡುವುದು. ಸರಿಯಾದ ಜಾಗದಿಂದ ಬರೆಯತೊಡಗಿದರೆ ಎಲ್ಲ ಪ್ರತಿಗಳೂ ಒಂದೇ ಉದ್ದ. ಫಿಲಂ ಮೇಲೆ ಒಂದೇ ಕಪ್ಪು ಗೆರೆ ಮೂಡುತ್ತದೆ. ಅವನ ಸಾಲಿನಲ್ಲಿ ಆ ಗೆರೆ ನೆಟ್ಟಗೆ ನಿಂತಿತ್ತು. ನನ್ನ ಸಾಲಿನಲ್ಲಿ ಒಲೆಯ ಹೊಗೆ ಗೋಡೆಗೆ ಹಿಡಿದಂತೆ ಮೇಲಿನಿಂದ ಕೆಳಗಿನವರೆಗೆ ಬರೀ ಮಸಿ.

ಮ್ಯಾಡಂ ಫಿಲಂ ಎತ್ತಿ ಹಿಡಿದು ನೋಡಿದರು, ಆಮೇಲೆ ಹಿಂದಿನ ದಿನದ ಜೆಲ್ ತರಿಸಿ ನಡುವಿನ ಖಾಲಿ ಜಾಗಕ್ಕೆ ಬೆರಳಿಟ್ಟರು. ಸಿಗ್ಮಾ ಎಲ್ಲಿ ಎಂದು ಕೇಳಿದರು. ಸಿಗ್ಮಾ ಎಂಬ ಹೆಸರು ನನಗೆ ಗೊತ್ತಿತ್ತು. ಅದು ಇದೇ ಗೆರೆ ಎಂದು ಯಾರೂ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರು ತಾಳ್ಮೆಯಿಂದಲೇ ಹೇಳಿದರು: ಡಿಎನ್‌ಎಯಲ್ಲಿ ಎಲ್ಲಿಂದ ಓದಬೇಕು ಎಂಬ ಗುರುತನ್ನು ಹಿಡಿಯುವುದು ಸಿಗ್ಮಾ. ಬರವಣಿಗೆ ಹಳಿ ಹತ್ತಿದ ಮೇಲೆ ಅದು ಕಳಚಿಕೊಂಡರೂ ನಡೆಯುತ್ತದೆ, ಉಳಿದ ಭಾಗ ಮುಂದುವರಿಸುತ್ತದೆ. ನಿಮ್ಮ ಹೊಸ ಕಾಲಂ ಸಿಗ್ಮಾವನ್ನು ಹಿಡಿದಿಡಲಿಲ್ಲ. ಈ ಕಿಣ್ವಕ್ಕೆ ಬರೆಯಲು ಬರುತ್ತದೆ, ಎಲ್ಲಿಂದ ಎಂಬುದು ತಿಳಿಯದೆ ಸಿಕ್ಕಲ್ಲಿಂದ ಬರೆದಿದೆ.

ನಾನು ಚೆಲ್ಲಿದ ನೀರಿನಲ್ಲಿ ಅದು ಹೋಗಿತ್ತು. ಥಂಡಿ ಕೋಣೆ ಕೈತಪ್ಪಿತೆಂದು ನನಗೆ ಖಚಿತವಾಯಿತು.

“ಮ್ಯಾಡಂ, ಎರಡು ದಿನ ಕೊಡ್ರಿ” ಎಂದು ಮರಾಠಿಯಲ್ಲಿ ಕೇಳಿದವನು ಅವನು. ನನ್ನನ್ನು ಥಂಡಿ ಕೋಣೆಗೆ ಎಳೆದುಕೊಂಡು ಹೋಗಿ ತನ್ನ ಕಿಣ್ವದ ಅರ್ಧ ಭಾಗವನ್ನು ಹೊರತೆಗೆದ. “ಇದನ್ನ ನಿಮ್ಮ ಆ ಹೊಸಾ ಕಾಲಂನ್ಯಾಗ ಹಾಕ್ರಿ. ಕೆಳಗ ಇಳದದ್ದನ್ನ ಚೆಲ್ಲಬ್ಯಾಡ್ರಿ ಮತ್ತ, ನಿಮ್ಮ ಕೈ ಕಟ್ಟಿ ಹಾಕಬೇಕಾದೀತು.”

“ನಿಮ್ಮ ಮಾಲು ಹಾಳಾಕ್ಕದ.”

“ಆದ್ರ ಆಗಲಿ. ಅದರಾಗೇನು ನನ್ನ ಹೆಸರು ಬರದದೇನು?”

ಆ ಕ್ಷಣ ಅವನನ್ನು ದ್ವೇಷಿಸುತ್ತಲೇ ಅವನ ಕಿಣ್ವವನ್ನು ಕಾಲಂಗೆ ಸುರಿದೆ. ಇಷ್ಟು ಸಲೀಸಾಗಿ ಕೊಡಲು ಬರುವುದು ನನಗೆ ಅವನ ಬೇರೆಲ್ಲ ಗುಣಗಳಿಗಿಂತ ಹೆಚ್ಚು ಉರಿ ತಂದಿತು.

ಕೆಳಗಿಳಿದ ಸಿಗ್ಮಾವನ್ನು ನನ್ನ ಶುದ್ಧ ಕಿಣ್ವಕ್ಕೆ ಬೆರೆಸಿ ಮತ್ತೆ ಪರೀಕ್ಷೆ ಮಾಡಿದೆವು. ಫಿಲಂ ಒಣಗುವ ಮೊದಲೇ ಕಂಡಿತು: ಮಸಿ ಇಲ್ಲ, ಒಂದೇ ಗೆರೆ, ಅವನ ಗೆರೆಗಿಂತ ಕಪ್ಪಾಗಿ. ಮ್ಯಾಡಂ ‘ಛಾನ್’ ಎಂದವರೇ ಯಾರದಿದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು “ಸುಭೇದಾರ್ರದು” ಎಂದುಬಿಟ್ಟ. ಸಿಗ್ಮಾ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ, ಇನ್ನು ಮುಂದೆ ಹೀಗೆ ಎರಡಾಗಿ ಬೇರ್ಪಡಿಸಿ ಬೆರೆಸುವುದೇ ಸರಿ, ಇಂಥ ಕೆಲಸಕ್ಕೆ ಶಿಸ್ತು ಬೇಕು, ನೀವೇ ನೋಡಿಕೊಳ್ಳಿ ಎಂದು ನನಗೆ ಹೇಳಿ ಹೋದರು.

ಮೆಟ್ಟಿಲ ಮೇಲೆ ಅವನನ್ನು ತಡೆದೆ. “ಯಾಕ ಹಂಗ ಹೇಳಿದ್ರಿ? ಕೆಲಸ ನಿಮಗ ಬರ್ತಿತ್ತು.”

“ಆ ಥಂಡಿ ಖೋಲಿ ನನಗ ಯಾವಾಗ ಬೇಕಾಗಿತ್ರಿ? ಮ್ಯಾಡಂ ಮಾಡು ಅಂದ್ರು, ಮಾಡಿದೆ. ಒಳಗ ತಾಸು ನಿಂತ್ರ ಮೊಣಕಾಲ ಹಿಡ್ಕೋತಾವ. ನೀವು ಸೋತಿದ್ರ ನನ್ನ ಗತಿ ಏನಾಗ್ತಿತ್ತು, ವಿಚಾರ ಮಾಡ್ರಿ!” ಎಂದು ನಕ್ಕು ಕೆಳಗಿಳಿದ.

ಕೆಲಸ ನನಗೇ ಉಳಿಯಿತು, ನಿವೃತ್ತಿಯವರೆಗೆ ಚೆನ್ನಾಗಿಯೇ ಮಾಡಿದೆ. ಆದರೆ ಅಂದು ಮೆಟ್ಟಿಲ ಮೇಲೆ ನಿಂತಾಗ, ಅವನು ಒಂದಿಷ್ಟಾದರೂ ಆಸೆಪಟ್ಟು ಸೋತಿದ್ದರೆ ಚೆನ್ನಾಗಿತ್ತು ಎನಿಸಿತು. ಕೆಳಗೆ ಹುಡುಗರು ಅವನನ್ನು ಸುತ್ತುವರಿದು ಚಹಾಕ್ಕೆ ಹೊರಟಿದ್ದರು. “ಸುಭೇದಾರ್ರ, ಬರ್ರಿ, ಇವತ್ತ ಚಹಾ ನಿಮ್ಮ ಲೆಕ್ಕದಾಗ!” ಎಂದು ಅವನೇ ಕೂಗಿದ.

ಕಾಲಂ ತೊಳೆಯುವುದಿದೆ ಎಂದೆ. ಕಾಲಂ ಆಗಲೇ ತೊಳೆದಾಗಿತ್ತು.